ಲೀಟರಿಗೆ ಏಳೂವರೆ

ನಮ್ಮ ಭಾವನಿಗೆ ಕಚೇರಿಯಲ್ಲಿ ಇದ್ದ ಹೆಸರು ‘ಏಳೂವರೆ’. ಅವರು ಓಡಿಸುತ್ತಿದ್ದ ಹಳೇ ಜೀಪು ಲೀಟರ್ ಡೀಸೆಲ್ಲಿಗೆ ಏಳೂವರೆ ಕಿಲೋಮೀಟರ್ ಕೊಡುತ್ತದೆ ಎಂದು ಅವರು ಲಾಗ್ ಬುಕ್ಕಿನಲ್ಲಿ ಬರೆಯುತ್ತಿದ್ದರು, ಅದಕ್ಕೆ. ಶನಿ ಹಿಡಿದರೂ ಏಳೂವರೆ ವರ್ಷಕ್ಕೆ ಬಿಟ್ಟು ಹೋಗುತ್ತಾನಂತೆ. ಈ ಹೆಸರು ಅವರನ್ನು ರಿಟೈರಾದ ಮೇಲೂ ಬಿಡಲಿಲ್ಲ. ಹೆಸರಿಟ್ಟವರು ಉಳಿದ ನಾಲ್ಕು ಜನ ಡ್ರೈವರುಗಳು, ಡೀಸೆಲ್ ಮಾರಿಕೊಂಡು ಹೊಟ್ಟೆ ಬೆಳೆಸಿಕೊಂಡವರು. ಆ ನಾಲ್ವರ ಲಾಗ್ ಬುಕ್ಕಿನಲ್ಲಿ ಒಂದು ಅಂಕಿಯೂ ಆಚೀಚೆ ಇರುತ್ತಿರಲಿಲ್ಲ.

ನಾನು ಭಾವನ ಹೆಂಡತಿಯ ತಮ್ಮ. ಅದೇ ಕಚೇರಿಯ ವರ್ಕ್‌ಶಾಪಿನಲ್ಲಿ ಮೇಸ್ತ್ರಿಯಾಗಿದ್ದೆ. ಈ ಕಥೆಯಲ್ಲಿ ಒಳ್ಳೆಯ ಮನುಷ್ಯ ಒಬ್ಬರೇ, ಅದು ನಾನಲ್ಲ. ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ.

ಬೆಟ್ಟದ ಮೇಲಿನ ವಿದ್ಯುತ್ ಟವರುಗಳನ್ನು ನೋಡಿಕೊಳ್ಳುವ ಕಚೇರಿ ನಮ್ಮದು. ಐದು ಜೀಪುಗಳಲ್ಲಿ ಭಾವನದೇ ಎಲ್ಲಕ್ಕಿಂತ ಹಳೆಯದು, ಹತ್ತೊಂಬತ್ತು ವರ್ಷದ್ದು. ಬೆಳಗ್ಗೆ ಏಳಕ್ಕೆ ಐದು ಜನ ಲೈನ್‌ಮನ್‌ಗಳು, ಎರಡು ಏಣಿ, ತಂತಿಯ ಸುರುಳಿ, ಹಗ್ಗ, ನೀರಿನ ಕ್ಯಾನು ಎಲ್ಲವನ್ನೂ ಹೊತ್ತು ಹೊರಡುತ್ತಿತ್ತು. ಮೊದಲ ಹದಿನೈದು ಕಿಲೋಮೀಟರ್ ಡಾಂಬರು, ಆಮೇಲೆ ಮಣ್ಣು, ಆಮೇಲೆ ಬರೀ ಕಲ್ಲು. ಆ ಕಲ್ಲಿನ ದಾರಿಯಲ್ಲಿ ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟು, ಸಣ್ಣ ಗೇರಿನಲ್ಲಿ ಏರಬೇಕು. ಇಂಜಿನ್ ಊರಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುತ್ತದೆ, ಮೀಟರಿನ ಅಂಕಿ ಮಾತ್ರ ಅಲ್ಲಾಡುವುದಿಲ್ಲ. ಮೇಲೆ ಹೋದ ಮೇಲೆ ತಂತಿ ಎಳೆಯಲು ಜೀಪನ್ನು ಚಾಲೂ ಇಟ್ಟುಕೊಂಡೇ ಗಂಟೆಗಟ್ಟಲೆ ನಿಲ್ಲಬೇಕು. ಆಗಲೂ ಅದು ಡೀಸೆಲ್ ಕುಡಿಯುತ್ತದೆ, ಗಾಳಿ ಕುಡಿದು ಬದುಕುವುದಿಲ್ಲ. ಜೀಪಿನ ಜೊತೆ ಬಂದ ಪುಸ್ತಕದಲ್ಲಿ ಲೀಟರಿಗೆ ಹದಿಮೂರು ಎಂದು ಅಚ್ಚಾಗಿತ್ತು. ಅದನ್ನು ಬರೆದ ಪುಣ್ಯಾತ್ಮ ಸಪಾಟು ರಸ್ತೆಯಲ್ಲಿ, ಖಾಲಿ ಗಾಡಿಯಲ್ಲಿ, ಬೆನ್ನಿಗೆ ಗಾಳಿ ಬೀಸುವ ದಿನ ನೋಡಿ ಓಡಿಸಿರಬೇಕು.

ಕಚೇರಿಯ ಆದೇಶ ಬೇರೆ ಇತ್ತು. ಬೆಟ್ಟದ ಜೀಪುಗಳು ಲೀಟರಿಗೆ ಒಂಬತ್ತಾದರೂ ಕೊಡಬೇಕು. ಹದಿನೈದು ವರ್ಷ ದಾಟಿದ್ದಕ್ಕೆ ರಿಯಾಯಿತಿ, ಎಂಟು. ಅದಕ್ಕಿಂತ ಕಡಿಮೆ ಬಂದರೆ ಡ್ರೈವರ್ ಡೀಸೆಲ್ ಕದ್ದಿದ್ದಾನೆ ಎಂದೇ ಅರ್ಥ. ಈ ಆದೇಶ ಬಂದ ತಿಂಗಳೇ ನಮ್ಮಲ್ಲಿ ‘ಹೊಂದಿಸುವುದು’ ಎಂಬ ಕೆಲಸ ಶುರುವಾಯಿತು. ತಿಂಗಳ ಕೊನೆಯ ದಿನ ಡ್ರೈವರುಗಳೆಲ್ಲ ಶೆಡ್ಡಿನಲ್ಲಿ ಲಾಗ್ ಬುಕ್ ಬಿಚ್ಚಿಕೊಂಡು ಕೂರುತ್ತಿದ್ದರು. ಹೋಗದ ಟವರಿಗೆ ಹೋಗಿಬಂದು, ಇಲ್ಲದ ದಾರಿಯಲ್ಲಿ ಸುತ್ತಿಬಂದು, ಒಂಬತ್ತೂ ಕಾಲಿಗೆ ತಂದು ನಿಲ್ಲಿಸುತ್ತಿದ್ದರು. ಮೀಟರಿನ ಅಂಕಿಯನ್ನು ಅದಕ್ಕೆ ತಕ್ಕಂತೆ ತಿರುಗಿಸುವ ಉಪಾಯವೂ ಅವರಿಗೆ ಗೊತ್ತಿತ್ತು. ಸಾಹೇಬರಿಗೂ ಗೊತ್ತಿತ್ತು. ಅವರಿಗೆ ಬೇಕಾದ ಅಂಕಿ ಕಾಗದದ ಮೇಲಿದ್ದರೆ ಸಾಕಾಗಿತ್ತು.

ಭಾವ ಆ ಶೆಡ್ಡಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಗಾಡಿಯಿಂದ ಇಳಿಯುವ ಮೊದಲು ಕನ್ನಡಕ ಏರಿಸಿ, ಮೀಟರಿಗೆ ಮೂಗು ತಾಗಿಸಿ ನೋಡಿ, ಬಾಯಲ್ಲಿ ಒಂದು ಸಲ ಹೇಳಿಕೊಂಡು ಬರೆಯುತ್ತಿದ್ದರು. ನಾನೇ ಒಂದು ದಿನ ಹೇಳಿದೆ.

“ಭಾವ, ನೀವೂ ಸ್ವಲ್ಪ ಹೊಂದಿಸಿಬಿಡಿ. ಎಂಟೂ ಕಾಲು ಅಂತ ಬರೀರಿ ಸಾಕು. ಯಾರೂ ಕೇಳಲ್ಲ.”

“ಮೀಟರ್ ಏನು ತೋರಿಸುತ್ತೋ ಅದನ್ನ ಬರೀತೀನಪ್ಪ. ಇಲ್ಲದ್ದು ಬರೆಯೋಕೆ ನಾನೇನು ಕಥೆ ಬರೆಯೋನಾ?”

“ಮೇಲಿನವರು ಕಳ್ಳ ಅಂತಾರೆ.”

“ಅನ್ನಲಿ ಬಿಡು. ಅಂದಿದ್ದಕ್ಕೆಲ್ಲ ಕಳ್ಳ ಆಗಿಬಿಡ್ತೀನಾ?”

ನಾನು ಎಂಟೂ ಕಾಲು ಎಂದದ್ದು ಬಾಯಿಗೆ ಬಂದ ಅಂಕಿಯಲ್ಲ. ಅದಕ್ಕೊಂದು ಕಾರಣವಿತ್ತು, ಅದು ನನಗೊಬ್ಬನಿಗೇ ಗೊತ್ತಿದ್ದ ಕಾರಣ.

ಈ ಮಾತು ಆಡುವುದಕ್ಕೆ ಎರಡು ವರ್ಷ ಮೊದಲು ಭಾವನ ಜೀಪು ಟೈರಿಲ್ಲದೆ ಮೂರು ತಿಂಗಳು ಇಟ್ಟಿಗೆಯ ಮೇಲೆ ಕೂತಿತ್ತು. ಅದಕ್ಕೆ ಹಾಕಬೇಕಾದ್ದು ಆರರ ಟೈರು, ಅಂದರೆ ಆರಿಂಚು ಅಗಲದ್ದು, ಅದು ಸ್ಟೋರಿನಲ್ಲಿ ಇರಲಿಲ್ಲ. ಸಾಹೇಬರು ದಿನಾ ಬಂದು ನನ್ನನ್ನು ಉಗಿದು ಉಪ್ಪಿನಕಾಯಿ ಹಾಕುತ್ತಿದ್ದರು. ಗುಜರಿಗೆ ಹೋಗಲಿದ್ದ ಸಣ್ಣ ಲಾರಿಯೊಂದರಲ್ಲಿ ನಾಲ್ಕು ಹೊಸ ಟೈರುಗಳು ಕಂಡವು. ಏಳೂವರೆಯ ಟೈರು. ಹೌದು, ಅಳತೆಯಲ್ಲೂ ಅದೇ ಅಂಕಿ, ನಗುವವರು ನಗಬಹುದು. ಮಡ್‌ಗಾರ್ಡಿನ ಅಂಚು ಕತ್ತರಿಸಿ, ಸ್ಪ್ರಿಂಗಿನ ಕೆಳಗೆ ಕಬ್ಬಿಣದ ತುಂಡು ಕೊಟ್ಟು, ಅವನ್ನು ಕೂರಿಸಿದೆ. ಜೀಪು ನಾಲ್ಕು ಬೆರಳು ಎತ್ತರವಾಯಿತು, ಕಲ್ಲಿನ ದಾರಿಯಲ್ಲಿ ಮೊದಲಿಗಿಂತ ಚೆನ್ನಾಗಿ ಏರಿತು. ಸಾಹೇಬರು ಬೆನ್ನು ತಟ್ಟಿದರು. ಬೇರೆ ಅಳತೆಯ ಟೈರು ಹಾಕಲು ನನಗೆ ಅಧಿಕಾರವಿರಲಿಲ್ಲವಾದ್ದರಿಂದ ವರ್ಕ್‌ಶಾಪಿನ ರಿಜಿಸ್ಟರಿನಲ್ಲಿ ‘ಆರರ ಟೈರು ಅಳವಡಿಸಿದೆ’ ಎಂದು ಬರೆದು ಸಹಿ ಹಾಕಿದೆ. ಭಾವನಿಗೆ ದೊಡ್ಡ ಟೈರು ಎನ್ನುವುದು ಕಣ್ಣಿಗೆ ಕಾಣುತ್ತಿತ್ತು. ಅದರಿಂದ ಏನಾಗುತ್ತದೆ ಎನ್ನುವುದು ಗೊತ್ತಿರಲಿಲ್ಲ. ಹಾಕುವಾಗ ನನ್ನ ತಲೆಗೂ ಹೊಳೆಯಲಿಲ್ಲ ಎಂದರೆ ನಂಬಿ.

ಮೀಟರ್ ರಸ್ತೆಯನ್ನು ಅಳೆಯುವುದಿಲ್ಲ, ಚಕ್ರದ ಸುತ್ತುಗಳನ್ನು ಎಣಿಸುತ್ತದೆ. ಅಪ್ಪನೂ ಮಗುವೂ ಕೈ ಹಿಡಿದು ಒಂದೇ ಬೀದಿ ನಡೆದರೆ ಅಪ್ಪನ ಹೆಜ್ಜೆ ಕಡಿಮೆ, ಮಗುವಿನದು ಜಾಸ್ತಿ. ಟೈರು ದೊಡ್ಡದಾದರೆ ಸುತ್ತು ಕಡಿಮೆ, ಮೀಟರಿನ ಲೆಕ್ಕಕ್ಕೆ ದಾರಿಯೂ ಕಡಿಮೆ. ಜೀಪು ಹತ್ತು ಕಿಲೋಮೀಟರ್ ಓಡಿದರೆ ಮೀಟರ್ ಒಂಬತ್ತು ಎನ್ನುತ್ತಿತ್ತು. ಏಳೂವರೆ ಎಂದು ಭಾವ ಬರೆದಾಗೆಲ್ಲ ಜೀಪು ನಿಜವಾಗಿ ಕೊಟ್ಟದ್ದು ಎಂಟೂ ಕಾಲಿನ ಮೇಲೆ. ಕಚೇರಿ ಕೇಳಿದ್ದು ಎಂಟು. ಭಾವ ಒಂದು ಸುಳ್ಳು ಬರೆದಿದ್ದರೆ ಅದೇ ನಿಜವಾಗಿರುತ್ತಿತ್ತು. ಸತ್ಯವಂತ ಮನುಷ್ಯ, ಮೀಟರ್ ಹೇಳಿದ ಸುಳ್ಳನ್ನು ದಿನಾ ಮುತ್ತಿನಂಥ ಅಕ್ಷರದಲ್ಲಿ ಇಳಿಸಿದರು.

ನನಗೆ ಇದೆಲ್ಲ ಹೊಳೆದದ್ದು, ಎಂಟಕ್ಕಿಂತ ಕಡಿಮೆ ಯಾಕೆ ಎಂದು ಅವರಿಗೆ ಮೊದಲ ನೋಟೀಸು ಬಂದಾಗ. ಅಂದೇ ರಿಜಿಸ್ಟರ್ ತೆಗೆದು ನನ್ನ ಸಹಿ ನೋಡಿದೆ. ಸುಳ್ಳು ನಮೂದು ಎಂದರೆ ಕೆಲಸಕ್ಕೇ ಕುತ್ತು. ರಿಜಿಸ್ಟರ್ ಮುಚ್ಚಿಟ್ಟೆ.

ಒಂದು ಮಧ್ಯಾಹ್ನ ಭಾವ ವರ್ಕ್‌ಶಾಪಿಗೇ ಬಂದರು. ಕೈಯಲ್ಲೊಂದು ಚೀಟಿ.

“ಒಂದು ವಿಚಿತ್ರ ನೋಡಿದೆ ಕಣೋ ಮೇಸ್ತ್ರಿ. ಡಾಂಬರು ರಸ್ತೇಲಿ ಕಿಲೋಮೀಟರ್ ಕಲ್ಲು ನೋಡ್ಕೊಂಡು ಬಂದೆ. ಕಲ್ಲು ಹತ್ತು ಅಂದರೆ ಮೀಟರ್ ಒಂಬತ್ತು ಅನ್ನುತ್ತೆ. ಮೂರು ಸಲ ನೋಡಿದೆ. ಯಾಕಿರಬಹುದು?”

ಅವರು ಕೇಳಿದ್ದು ನನ್ನನ್ನು. ಬೇರೆ ಯಾರನ್ನಾದರೂ ಕೇಳಿದ್ದರೆ, ಪಂಕ್ಚರ್ ಹಾಕುವವನನ್ನು ಕೇಳಿದ್ದರೂ ಸಾಕಿತ್ತು, ಟೈರ್ ನೋಡಿ ಹೇಳಿಬಿಡುತ್ತಿದ್ದ.

“ರಸ್ತೆ ಅಗಲ ಮಾಡುವಾಗ ಕಲ್ಲು ಕಿತ್ತು ಮತ್ತೆ ನೆಟ್ಟರಲ್ಲ ಭಾವ. ಅಳತೆ ಮಾಡಿ ನೆಟ್ಟಿದ್ದಾರೆ ಅಂದ್ಕೊಂಡ್ರಾ?” ಎಂದೆ. ನಾಲಿಗೆ ಒಂದು ಸಲವೂ ತೊದಲಲಿಲ್ಲ.

“ಓ, ಅದೂ ಹೌದಲ್ಲ,” ಎಂದು ಚೀಟಿ ಹರಿದು ಎಣ್ಣೆ ಬಟ್ಟೆಯ ಡಬ್ಬಕ್ಕೆ ಹಾಕಿದರು. ಹೆಂಡತಿಯ ತಮ್ಮ ಹೇಳಿದ ಮೇಲೆ ಮುಗಿಯಿತು.

ವಿಚಾರಣೆ ನಡೆದದ್ದು ಸಾಹೇಬರ ಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿ. ಮುರಿದ ಕುರ್ಚಿಗಳನ್ನು ಮೂಲೆಗೆ ಪೇರಿಸಿ, ಮಧ್ಯೆ ಮೇಜು ಹಾಕಿದ್ದರು. ದೊಡ್ಡ ಕಚೇರಿಯಿಂದ ಬಂದ ಅಧಿಕಾರಿ ಐದು ಲಾಗ್ ಬುಕ್ಕುಗಳನ್ನು ಸಾಲಾಗಿ ಬಿಚ್ಚಿಟ್ಟುಕೊಂಡಿದ್ದರು. ನಾಲ್ಕರಲ್ಲಿ ಒಂಬತ್ತೂ ಕಾಲು, ಒಂದರಲ್ಲಿ ಏಳೂವರೆ.

“ನಾಲ್ಕು ಜನಕ್ಕೆ ಬರೋದು ನಿನಗೊಬ್ಬನಿಗೆ ಯಾಕಯ್ಯಾ ಬರಲ್ಲ?”

“ಗಾಡಿ ಹಳೇದು ಸಾರ್. ಇದ್ದದ್ದನ್ನ ಬರೆದಿದ್ದೀನಿ. ಬೇಕಾದರೆ ನಮ್ಮ ಮೇಸ್ತ್ರೀನೇ ಕೇಳಿ.”

ಅಧಿಕಾರಿ ನನ್ನ ಕಡೆ ತಿರುಗಿದರು. “ಮೀಟರ್ ಸರಿಯಾಗಿದೆಯೇನ್ರೀ?”

ಮೀಟರ್ ಸರಿಯಾಗಿಯೇ ಇತ್ತು. “ಸರಿಯಾಗಿದೆ ಸಾರ್,” ಎಂದೆ.

“ಟೈರು?”

ರಿಜಿಸ್ಟರ್ ಮುಂದಕ್ಕೆ ತಳ್ಳಿದೆ. ಅವರು ಓದಿದರು, ತಲೆ ಆಡಿಸಿದರು. ಜೀಪು ಕಿಟಕಿಯ ಹೊರಗೇ ನಿಂತಿತ್ತು, ಇಪ್ಪತ್ತು ಹೆಜ್ಜೆ ದೂರದಲ್ಲಿ. ಎದ್ದು ನೋಡಿದ್ದರೆ ಟೈರಿನ ಮೇಲೆ ಅಳತೆ ದಪ್ಪಕ್ಷರದಲ್ಲಿ ಬರೆದಿತ್ತು. ಯಾರೂ ಏಳಲಿಲ್ಲ. ಭಾವ ಮಾತ್ರ ನನ್ನ ಕಡೆ ನೋಡಿ, ‘ಸರಿಯಾಗಿ ಹೇಳಿದೆ’ ಎನ್ನುವಂತೆ ತಲೆಯಾಡಿಸಿದರು. ಹಾಳಾದ್ದು, ಆ ಒಂದು ಸಲ ತಲೆಯಾಡಿಸಿದ್ದು ಇವತ್ತಿಗೂ ನನ್ನನ್ನು ತಿನ್ನುತ್ತದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದ ಕೈಯಿಂದ ಸ್ಟೇರಿಂಗ್ ಕಿತ್ತುಕೊಂಡರು. ಇಂಧನ ದುರುಪಯೋಗ ಎಂದು ಅವರ ಸರ್ವಿಸ್ ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ ಬರೆದರು. ಉಳಿದ ನಾಲ್ಕು ವರ್ಷ ಗೇಟಿನಲ್ಲಿ ಕೂರಿಸಿದರು. ಒಳಗೆ ಬರುವ, ಹೊರಗೆ ಹೋಗುವ ಗಾಡಿಗಳ ಮೀಟರ್ ಅಂಕಿ ಬರೆದುಕೊಳ್ಳುವ ಕೆಲಸ. ಆ ನಾಲ್ಕು ಡ್ರೈವರುಗಳು ಗೇಟಿನಲ್ಲಿ ನಿಂತು, ಕಿಟಕಿಯಿಂದ ತಲೆ ಹಾಕಿ, “ಏಳೂವರೆ, ಬರ್ಕೋ,” ಎಂದು ಹಲ್ಲು ಕಿರಿದು ಹೋಗುತ್ತಿದ್ದರು. ಭಾವ ಆಗಲೂ ಎದ್ದು ಹೋಗಿ ಮೀಟರ್ ನೋಡಿಯೇ ಬರೆದುಕೊಳ್ಳುತ್ತಿದ್ದರು. ಅವರ ಜೀಪು ಇನ್ನೊಬ್ಬನ ಕೈಗೆ ಹೋಯಿತು. ಅವನು ಮೊದಲ ತಿಂಗಳೇ ಒಂಬತ್ತು ಬರೆದ. ನೋಡಿ, ಓಡಿಸಲು ಬಂದರೆ ಹಳೇ ಗಾಡಿಯೂ ಕೊಡುತ್ತದೆ ಎಂದು ಸಾಹೇಬರು ಮೀಟಿಂಗಿನಲ್ಲಿ ಅವನನ್ನು ಹೊಗಳಿದರು. ನಾನು ಕೈ ಕಟ್ಟಿ ಕೂತಿದ್ದೆ.

ಅಕ್ಕ ಆ ವರ್ಷಗಳಲ್ಲಿ ಬೀದಿಯವರ ಜೊತೆ ಮಾತು ಬಿಟ್ಟಳು. ಡೀಸೆಲ್ ಕಳ್ಳನ ಹೆಂಡತಿ ಎಂದು ಯಾರೋ ನಲ್ಲಿಯ ಹತ್ತಿರ ಅಂದಿದ್ದರಂತೆ. “ಮನೇಲಿ ಒಂದು ಒಳ್ಳೆ ಕುರ್ಚಿ ಇಲ್ಲ ಕಣೋ ತಮ್ಮ, ಕದ್ದಿದ್ದರೆ ಅದಾದರೂ ಇರ್ತಿತ್ತಲ್ಲ,” ಎಂದು ನನ್ನೆದುರು ಅತ್ತಳು. ನಾನು ಸಮಾಧಾನ ಮಾಡಿದೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಭಾವ ರಿಟೈರಾದರು. ಎರಡು ವರ್ಷ ಬಿಟ್ಟು ನಾನೂ ಆದೆ. ನನ್ನ ಪಿಂಚಣಿ ಯಾವ ತಕರಾರೂ ಇಲ್ಲದೆ ಮಂಜೂರಾದ ಮೇಲೆ, ಇನ್ನು ಯಾರೂ ನನ್ನ ಕೂದಲು ಕೊಂಕಿಸಲಾರರು ಎಂದು ಖಾತ್ರಿಯಾದ ಮೇಲೆ, ನನಗೆ ಧೈರ್ಯ ಬಂತು. ಒಂದು ಸಂಜೆ ಅವರ ಮನೆಗೆ ಹೋದೆ. ಅಕ್ಕ ಒಳಗೆ ಚಹಾ ಮಾಡುತ್ತಿದ್ದಳು. ಭಾವ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತು ಟೈರಿನಿಂದ ಹಿಡಿದು ರಿಜಿಸ್ಟರಿನವರೆಗೆ ಎಲ್ಲ ಹೇಳಿಬಿಟ್ಟೆ. ಕಪಾಳಕ್ಕೆ ಹೊಡೆಯುತ್ತಾರೆ, ಮನೆಯಿಂದ ಆಚೆ ಹಾಕುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ಸಿದ್ಧನಾಗಿಯೇ ಹೋಗಿದ್ದೆ.

ಭಾವ ಬೆರಳಿನಲ್ಲಿ ಏನೋ ಲೆಕ್ಕ ಹಾಕಿದರು. ಆಮೇಲೆ ಕೇಳಿದರು.

“ಅಂದರೆ ಜೀಪು ಏಳೂವರೆ ಕೊಡ್ತಿರಲಿಲ್ಲ.”

“ಇಲ್ಲ ಭಾವ. ಎಂಟೂ ಕಾಲಿನ ಮೇಲೇ ಕೊಡ್ತಿತ್ತು. ನೀವು ಸರಿಯಾಗೇ ಓಡಿಸ್ತಿದ್ರಿ.”

“ನಾನು ಬರೆದದ್ದು ತಪ್ಪು.”

“ನಿಮ್ಮ ತಪ್ಪಲ್ಲ ಭಾವ, ಮೀಟರ್...”

“ದಿನಾ ಬರೆದೆನಲ್ಲೋ. ಅಷ್ಟು ವರ್ಷ. ಅಷ್ಟೂ ಸುಳ್ಳು.”

“ನಾಳೇನೇ ಕಚೇರಿಗೆ ಹೋಗ್ತೀನಿ. ಬರೆದು ಕೊಡ್ತೀನಿ, ತಪ್ಪು ನಂದು ಅಂತ. ಆ ಕೆಂಪು ಇಂಕು ಹೊಡೆದುಹಾಕಲಿ.”

ಅವರು ಬೇಡ ಎಂದು ಕೈ ಆಡಿಸಿದರು. ಕೋಪವಿದ್ದಂತೆ ಕಾಣಲಿಲ್ಲ. ಕೋಪವಾದರೂ ಇದ್ದಿದ್ದರೆ ನಾನು ಹಗುರವಾಗುತ್ತಿದ್ದೆ, ನಾನು ಹೋಗಿದ್ದೂ ಅದಕ್ಕೇ.

“ಕಳ್ಳ ಅಂದಾಗ, ನಾನಲ್ಲ ಅಂತ ನನಗೆ ಗೊತ್ತಿತ್ತು,” ಎಂದರು. “ಆ ಗೇಟಿನಲ್ಲಿ ನಾಲ್ಕು ವರ್ಷ ಅದನ್ನೇ ಹಿಡ್ಕೊಂಡು ಕೂತಿದ್ದೆ. ಈಗ ಸುಳ್ಳ ಅಂದರೆ ಏನು ಹೇಳಲೋ?”

ಅಷ್ಟರಲ್ಲಿ ಅಕ್ಕ ಚಹಾ ತಂದಳು. ಅಕ್ಕನಿಗೆ ಏನೂ ಗೊತ್ತಾಗಬಾರದೆಂದು ಪೂರ್ತಿ ಕುಡಿದೆ. “ಇನ್ನೊಂದು ಸ್ವಲ್ಪ ಹಾಕಲೇನೋ ತಮ್ಮ?” ಎಂದಳು. ಹಾಕು ಎಂದು ಲೋಟ ಚಾಚಿದೆ.