ರೊಟ್ಟಿ ತಿಂದು ಬೆಳೆದ ತೋಳ

ನಮ್ಮ ಮನೆಯವರು ತೀರಿಕೊಂಡ ಮೇಲೆ ಏನೇನಾಯಿತು ಎಂದು ಹೇಳಬೇಕಾದರೆ ನಾನು ನಾಯಿಯಿಂದಲೇ ಶುರು ಮಾಡಬೇಕು. ಅದನ್ನು ನಾಯಿ ಎನ್ನುವುದೂ ಪೂರ್ತಿ ಸರಿಯಲ್ಲ. ರಾಮಥಾಳದಲ್ಲಿ ನನ್ನ ನಾದಿನಿಯ ಹೊಲವಿದೆ. ಒಂದು ಬೇಸಿಗೆಯಲ್ಲಿ ಗೊಬ್ಬರವಾಗಲಿ ಎಂದು ಅಲ್ಲಿ ಕುರಿ ನಿಲ್ಲಿಸಿದ್ದರು. ಕುರಿ ಕಾಯುವ ಹೆಣ್ಣುನಾಯಿ ತೋಳದೊಂದಿಗೆ ಕೂಡಿ ಮರಿ ಹಾಕಿತ್ತು. ಕುರಿಗಾರರು ಉಳಿದ ಮರಿಗಳನ್ನು ಮುಗಿಸಿ, ಇದೊಂದರ ಮೇಲೆ ಕೈ ಎತ್ತುವಾಗ ನಮ್ಮ ಮನೆಯವರು ಅಲ್ಲಿದ್ದರು. ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ಬಸ್ಸಿನಲ್ಲಿ ಇಳಕಲ್ಲಿಗೆ ತಂದರು.

ನಮ್ಮದು ಲಿಂಗಾಯತರ ಮನೆ. ನೇಯುವುದು ಕಸುಬು. ಪಡಸಾಲೆಯಲ್ಲಿ ಕುಣಿಮಗ್ಗವಿದೆ, ನೇಯುವವರು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಮಗ್ಗಕ್ಕೆ ಹೂಡುವ ಹಾಸಿನ ನೂಲಿಗೆ ಗಂಜಿ ಹಚ್ಚಿರುತ್ತಾರೆ, ಆ ಗಂಜಿಯ ಆಸೆಗೆ ಇಲಿಗಳು ಬಂದು ಎಳೆ ಕಡಿಯುತ್ತವೆ. ಅದಕ್ಕೇ ನಮ್ಮ ಓಣಿಯಲ್ಲಿ ಬೆಕ್ಕಿಲ್ಲದ ಮಗ್ಗದ ಮನೆ ಇಲ್ಲ. ನಮ್ಮಲ್ಲಿ ಮೂರಿದ್ದವು: ಒಂದು ಬಿಳಿ, ಅದರ ಮಗಳು ಬೂದು ಬಣ್ಣದ್ದು, ಕಿವಿ ಹರಿದ ಒಂದು ಗಂಡುಬೆಕ್ಕು. ಮೂರೂ ಅತ್ತೆಯವು. ಹಾಲು ಹಾಕುತ್ತಿದ್ದವರೂ ಅವರೇ. ಮಗ್ಗದ ಕೆಳಗೆ ಅವು ಏನು ತಿನ್ನುತ್ತಿದ್ದವು ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಮರಿಗೆ ಜೋಳದ ರೊಟ್ಟಿ, ಹಾಲು, ಮಜ್ಜಿಗೆ. ಮಾಂಸವನ್ನು ಕಾಣದೇ ಬೆಳೆದರೆ ಅದರ ಆಸೆಯೇ ಹುಟ್ಟುವುದಿಲ್ಲ ಎಂದು ನಮ್ಮವರು ನಂಬಿದ್ದರು. ಬೆಳಗ್ಗೆ ಪೂಜೆ ಮುಗಿಸಿ ಎದ್ದು, ಬೆರಳಲ್ಲಿ ಉಳಿದ ವಿಭೂತಿಯನ್ನು ಅದರ ಹಣೆಗೆ ಎಳೆಯುತ್ತಿದ್ದರು. ಅದು ಕಣ್ಣು ಮುಚ್ಚಿ ನಿಲ್ಲುತ್ತಿತ್ತು. ಯಾರಾದರೂ ಹೊಸ್ತಿಲಲ್ಲೇ ಹೆದರಿ ನಿಂತರೆ, "ಅಂಜಬ್ಯಾಡ್ರಿ, ನಮ್ಮದು ಲಿಂಗವಂತ ತೋಳ ಐತಿ," ಎನ್ನುತ್ತಿದ್ದರು.

"ಹಂಗಂದ್ರ ಸ್ವಾಮಿಗೋಳ್ನ ಕರ್ಸಿ ಲಿಂಗಾನೂ ಕಟ್ಟಸಲೇ," ಎಂದರು ಒಮ್ಮೆ ಪಕ್ಕದ ಮನೆಯ ಕಾಕಾ. "ಕುತ್ತಿಗಿ ಹೆಂಗೂ ಉದ್ದ ಐತಿ."

ಎಲ್ಲರೂ ನಕ್ಕೆವು. ಅತ್ತೆ ನಗಲಿಲ್ಲ. "ಬೊಗಳಂಗಿಲ್ಲ ಅದು. ಬೊಗಳಲಾರದ ನಾಯಿ ನನಗ ಬ್ಯಾಡ," ಎಂದರು.

ನಿಜ, ಅದು ಬೊಗಳುತ್ತಿರಲಿಲ್ಲ. ಓಣಿಯ ನಾಯಿಗಳು ಬೆಕ್ಕು ಕಂಡರೆ ಗದ್ದಲ ಮಾಡುತ್ತವೆ, ಬೆಕ್ಕಿಗೆ ಗೋಡೆ ಹತ್ತಲು ಹೊತ್ತು ಸಿಗುತ್ತದೆ. ಇದು ತಲೆ ತಗ್ಗಿಸಿ, ಒಂದು ಮುಂಗಾಲು ಎತ್ತಿ, ಸುಮ್ಮನೆ ನಿಲ್ಲುತ್ತಿತ್ತು. ನಮ್ಮವರು ಕುಣಿಯಲ್ಲಿ ಕುಳಿತಲ್ಲಿಂದಲೇ ನಾಲಿಗೆಯನ್ನು ಲೊಚ್ ಎನ್ನಿಸಿದರೆ ಸಾಕು, ಬೆಕ್ಕಿನ ಮೇಲಿನ ಕಣ್ಣು ತೆಗೆದು ಬಂದು ಅವರ ಪಕ್ಕದಲ್ಲಿ ಮಲಗುತ್ತಿತ್ತು. ಮಗ್ಗದ ಮೇಲೆ ಬೆಕ್ಕುಗಳು, ಕೆಳಗೆ ಅದು, ನಡುವೆ ಲಾಳಿಯ ಸದ್ದು. ಹೀಗೆಯೇ ನಡೆದಿತ್ತು. ಅವರನ್ನು ಬಿಟ್ಟು ಬೇರೆ ಯಾರ ಕೈಯಿಂದಲೂ ಅದು ತಿನ್ನುತ್ತಿರಲಿಲ್ಲ.

ಎದೆನೋವೆಂದು ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದವರನ್ನು ಮರುದಿನ ಬಟ್ಟೆ ಹೊದಿಸಿ ತಂದೆವು. ಮಣ್ಣಾಯಿತು. ನಾಯಿಯನ್ನು ಹಿತ್ತಲಿನ ಬೇವಿನ ಗಿಡಕ್ಕೆ ಕಟ್ಟಿದ್ದೆವು. ಯಾರು ರೊಟ್ಟಿ ಇಟ್ಟರೂ ಮೂಸಿ ಬಿಡುತ್ತಿತ್ತು. ಅವರ ಹೆಸರಿನಲ್ಲಿ ಶಿವಗಣಾರಾಧನೆ ಮಾಡಿದ ದಿನ ಮನೆ ತುಂಬ ಜನ. ಒಳಗೆ ಜಂಗಮರ ಪಾದಪೂಜೆ ನಡೆದಿತ್ತು. ಹಿತ್ತಲಲ್ಲಿಟ್ಟಿದ್ದ ಹಾಲಿನ ಪಾತ್ರೆಯ ಕಡೆಗೆ ಬಿಳಿ ಬೆಕ್ಕು ಹೋಯಿತಂತೆ. ಒಂದು ಸಪ್ಪಳವೂ ಕೇಳಲಿಲ್ಲ. ಊಟದ ಎಲೆ ತರಲು ಹೋದವಳು ಚೀರಿದಾಗಲೇ ನಮಗೆ ಗೊತ್ತಾದದ್ದು. ನಾನು ಓಡಿ ಹೋಗುವಷ್ಟರಲ್ಲಿ ಬಾಲ ಮತ್ತು ಹಿಂಗಾಲು ಉಳಿದಿದ್ದವು. ನಾಯಿಯ ಹಣೆಯ ಮೇಲೆ ವಿಭೂತಿ ಹಾಗೇ ಇತ್ತು. ಆ ಬೆಳಗ್ಗೆ ಅದನ್ನು ನಾನು ಹಚ್ಚಿದ್ದೆ.

ಅತ್ತೆ ಬಂದು ನೋಡಿದರು. ಆಮೇಲೆ ನೆರೆದವರೆಲ್ಲರ ಎದುರು ನನ್ನ ಕಡೆ ತಿರುಗಿದರು.

"ನನ್ನ ಮಗನ್ನ ತಿಂದಿ. ಇನ್ನ ನನ್ನ ಬೆಕ್ಕ ತಿನ್ನಸಾಕ ನಿಂತೀಯೇನು?"

ಹಾಗನ್ನಬಾರದು ಎಂದು ಒಬ್ಬರೂ ಹೇಳಲಿಲ್ಲ. ಉಂಡು ಕೈ ತೊಳೆದುಕೊಂಡು ಹೋದರು.

ನಾಯಿಯನ್ನು ಎಲ್ಲಾದರೂ ಬಿಟ್ಟು ಬಾ ಎಂದರು ಅತ್ತೆ. ನಾನು ಒಪ್ಪಲಿಲ್ಲ. ನಾನು ನಮ್ಮವರ ಹಾಗೆ ನಾಲಿಗೆಯನ್ನು ಲೊಚ್ ಎನ್ನಿಸಿದರೆ ಆ ಪ್ರಾಣಿ ನನ್ನನ್ನು ನೋಡುತ್ತಿರಲಿಲ್ಲ, ಕುಣಿಯ ಕಡೆ ನೋಡುತ್ತಿತ್ತು. ನಾನೂ ನೋಡುತ್ತಿದ್ದೆ. ಅದು ಹೋದರೆ ಹಾಗೆ ನೋಡುವವಳು ಆ ಮನೆಯಲ್ಲಿ ನಾನೊಬ್ಬಳೇ ಉಳಿಯುತ್ತಿದ್ದೆ. ಅತ್ತೆ ಕುಣಿಯ ಕಡೆ ಮುಖವನ್ನೇ ಹಾಕುತ್ತಿರಲಿಲ್ಲ. ಅವರಿಗೆ ಬೆಕ್ಕುಗಳಿದ್ದವು.

ದನದ ಡಾಕ್ಟರನ್ನು ಕೇಳಿದೆ. "ಇದಕ್ಕ ಹಸಿವು ಐತ್ರಿ ಅಕ್ಕಾರ," ಎಂದರು. "ಮಾಂಸ ಹಾಕ್ರಿ. ಬೆಕ್ಕಿನ ಉಸಾಬರಿಗೆ ಹೋಗಂಗಿಲ್ಲ."

ಇಳಕಲ್ಲಿನಲ್ಲಿ ಕೊಂಡರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ. ಬಸ್ಸು ಹಿಡಿದು ಹುನಗುಂದಕ್ಕೆ ಹೋದೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಮಾಂಸದಂಗಡಿಯ ಮುಂದೆ ನಿಂತೆ. ಅದು ನನ್ನ ಜೀವನದಲ್ಲಿ ಮೊದಲ ಸಲ.

"ಯಾರಿಗ್ರಿ, ಅಕ್ಕಾರ?"

"ನಾಯಿಗೆ."

ಅಂಗಡಿಯವನು ನನ್ನ ಹಣೆಯ ವಿಭೂತಿ ನೋಡಿದ. "ನಿಮ್ಮ ಮಂದಿ ಬಂದವರೆಲ್ಲಾ ಹಂಗ ಹೇಳ್ತಾರ್ರೀ. ಭಾಳ ನಾಯಿ ಅದಾವ ನಿಮ್ಮಲ್ಲೆ," ಎಂದು ನಕ್ಕ. "ಖಾರ ಹಾಕಿ ಮಾಡೂದಿದ್ರ ಹೇಳ್ರಿ, ಮೆತ್ತಂದು ನೋಡಿ ಕೊಡ್ತೇನಿ."

ಊರ ಹೊರಗೆ, ಹಳ್ಳದ ದಂಡೆಗೆ ಕರೆದುಕೊಂಡು ಹೋಗಿ ತಿನ್ನಿಸಿದೆ. ಮೊದಲು ನೆಲದ ಮೇಲೆ ಇಟ್ಟೆ, ಮುಟ್ಟಲಿಲ್ಲ. ಕೈಯಲ್ಲಿ ಹಿಡಿದೆ. ಬಹಳ ಹೊತ್ತು ನೋಡಿ, ಕೊನೆಗೆ ನನ್ನ ಕೈಯಿಂದ ತಿಂದಿತು. ನನಗೆ ಓಕರಿಕೆ ಬಂತು, ಸಂತೋಷವೂ ಆಯಿತು. ಬೂದಿಯಿಂದ ಕೈ ತಿಕ್ಕಿ ತೊಳೆದುಕೊಂಡು ಮನೆಗೆ ಬಂದರೂ ಅತ್ತೆಗೆ ವಾಸನೆ ಸಿಕ್ಕಿತು.

"ಆ ಕೈಲೆ ನನಗ ರೊಟ್ಟಿ ಬಡಿಬ್ಯಾಡ," ಎಂದರು. ಮರುದಿನ ತಮಗೆ ಬೇರೆ ಒಲೆ ಹೂಡಿಕೊಂಡರು. ಆದರೂ ನಾನು ವಾರದ ಸಂತೆಗೆ ಹೋಗುವ ನೆಪದಲ್ಲಿ ಹುನಗುಂದಕ್ಕೆ ಹೋಗುತ್ತಲೇ ಇದ್ದೆ.

ಗಂಡುಬೆಕ್ಕು ಸತ್ತದ್ದು ಅಂಥದೇ ಒಂದು ದಿನ. ನಾಯಿ ಹೊಟ್ಟೆ ಬಿಗಿಯುವಂತೆ ತಿಂದು ಬಂದಿತ್ತು, ಸರಪಳಿ ಇನ್ನೂ ನನ್ನ ಕೈಯಲ್ಲೇ ಇತ್ತು. ಬೆಕ್ಕು ಗೋಡೆಯಿಂದ ಹಾರಿ ಎದುರಿಗೆ ಓಡಿತು. ಸರಪಳಿ ನನ್ನ ಅಂಗೈ ಕೊಯ್ದುಕೊಂಡು ಹೋಯಿತು. ನಾಯಿ ಬೆಕ್ಕನ್ನು ಹಿಡಿದು ಒಂದು ಸಲ ಝಾಡಿಸಿ ಕೆಳಗೆ ಹಾಕಿತು. ತಿನ್ನಲಿಲ್ಲ. ಮೂಸಿತು, ಬಾನಿಯ ನೀರು ಕುಡಿಯಿತು, ನೆರಳಲ್ಲಿ ಹೋಗಿ ಮಲಗಿತು. ನಮ್ಮವರ ನಂಬಿಕೆಯೂ ಸುಳ್ಳಾಯಿತು, ಡಾಕ್ಟರರ ಮಾತೂ ಸುಳ್ಳಾಯಿತು. ಎದುರಿಗೆ ಒಂದು ಸಣ್ಣ ಜೀವ ಓಡಿದರೆ ಅದಕ್ಕೆ ಅಷ್ಟೇ ಸಾಕಿತ್ತು.

ಬೂದು ಬೆಕ್ಕು ಆಗ ಗಬ್ಬವಾಗಿತ್ತು. ಅತ್ತೆ ಅದನ್ನು ಎತ್ತಿಕೊಂಡು ಒಳಕೋಣೆ ಸೇರಿ ಅಗುಳಿ ಹಾಕಿಕೊಂಡರು. ಅಲ್ಲಿಂದ ನಮ್ಮ ಮನೆಯಲ್ಲಿ ಒಂದು ಬಾಗಿಲು ತೆರೆದರೆ ಇನ್ನೊಂದು ಮುಚ್ಚಬೇಕು. "ನಾಯಿ ಕಟ್ಟೇನ್ರಿ ಅತ್ತೀ," ಎಂದು ನಾನು ಕೂಗಿದ ಮೇಲೆಯೇ ಅವರು ಹೊರಗೆ ಬರುತ್ತಿದ್ದರು. ಬೆಕ್ಕು ಮಾತ್ರ ಒಳಗೇ.

ಪಡಸಾಲೆ ಇಲಿಗಳದಾಯಿತು. ನಮ್ಮವರು ಅರ್ಧ ನೇಯ್ದು ಬಿಟ್ಟ ಸೀರೆ ಮಗ್ಗದ ಮೇಲೆಯೇ ಇತ್ತು. ಅದನ್ನು ಕತ್ತರಿಸಿ ತೆಗೆಯಲು ನಮ್ಮಿಬ್ಬರಿಗೂ ಕೈ ಬಂದಿರಲಿಲ್ಲ. ಒಂದು ಮುಂಜಾನೆ ನೋಡಿದರೆ ಹಾಸು ಅಡ್ಡಕ್ಕೆ ಕಡಿದುಹೋಗಿತ್ತು. ಎಳೆಗಳು ಕುಣಿಯೊಳಗೆ ಜೋತುಬಿದ್ದಿದ್ದವು. ಮಗ ಸತ್ತ ಮೇಲೆ ಅತ್ತೆ ಮೊದಲ ಸಲ ಮಗ್ಗದ ಹತ್ತಿರ ಬಂದು, ಹರಿದ ಎಳೆಗಳನ್ನು ಮುಷ್ಟಿಯಲ್ಲಿ ಹಿಡಿದರು.

"ಈಗ ಹೇಳು. ಅವನ ನಾಯಿ ಉಳೀಬೇಕೊ, ಅವನ ಕೆಲಸ ಉಳೀಬೇಕೊ?"

"ಕೆಲಸ ಹೋತಲ್ರಿ."

"ಹೌದಲ್ಲ. ಹಂಗಾರ ಎರಡೂ ಹೋಗ್ಲಿ."

ನಾದಿನಿಗೆ ಫೋನು ಮಾಡಿ, ಕುರಿಗಾರರು ತಿರುಗಿ ಒಯ್ಯುತ್ತಾರೇನು ಕೇಳು ಎಂದೆ. "ಕುರಿಯಾಗ ತೋಳ ಬಿಟ್ಕೊಳ್ಳಾಕ ಅವರಿಗೇನ್ ಹುಚ್ಚ ಹಿಡದೈತೇನ ವೈನಿ?" ಎಂದಳು. ಹೊರಗೆ ಬಿಟ್ಟರೆ ಓಣಿಯವರು ಕಲ್ಲಿನಿಂದ ಹೊಡೆದು ಕೊಲ್ಲುತ್ತಿದ್ದರು. ನೋವಿಲ್ಲದೆ ಮುಗಿಸಲಿ ಎಂದು ಡಾಕ್ಟರನ್ನು ಕರೆಸಿದೆ. ಅವರು ದೂರ ನಿಂತು, "ನಾ ಹತ್ರ ಹೋಗೂದಿಲ್ರಿ. ನಿಮ್ಮ ಕೈಲೆ ತಿಂತೈತಲ್ಲ, ಗುಳಿಗಿ ನೀವ ಹಾಕ್ರಿ. ಮಂಪರ ಬಂದ ಮ್ಯಾಲೆ ಸೂಜಿ ಮಾಡ್ತೇನಿ," ಎಂದರು.

ಮಾಂಸದ ತುಂಡಿನಲ್ಲಿ ಗುಳಿಗೆ ಒತ್ತಿ ಹಿಡಿದೆ. ತಿಂದಿತು. ತಿಂದ ಮೇಲೆ ನನ್ನ ಅಂಗೈ ನೆಕ್ಕಿತು, ಸರಪಳಿ ಕೊಯ್ದ ಗಾಯವನ್ನೂ ನೆಕ್ಕಿತು. ಹಿಂಗಾಲು ಮೊದಲು ಕುಸಿದವು. ಡಾಕ್ಟರರು ಸೂಜಿ ಚುಚ್ಚುವಾಗ ನಾನು ಅದರ ತಲೆ ಹಿಡಿದಿದ್ದೆ, ಅವರು ಹಿಡಿಯಲು ಹೇಳಿದ್ದಕ್ಕೆ.

ಒಳಗೆ ಬಂದೆ. ಅತ್ತೆ ಕೋಣೆಯ ಬಾಗಿಲು ತೆರೆದು ನಿಂತಿದ್ದರು. ಬೂದು ಬೆಕ್ಕು ಹೊರಗೆ ಬಂತು, ಕೈಗೆ ಅಂಟಿದ ಮಾಂಸದ ವಾಸನೆಗೋ ಏನೋ, ನನ್ನ ಕಾಲಿಗೆ ಮೈ ತಿಕ್ಕಿತು. ನಾನು ಒದ್ದೆ. ಗಬ್ಬದ ಬೆಕ್ಕೆಂದು ಗೊತ್ತಿದ್ದೂ ಒದ್ದೆ. ಅದು ಗೋಡೆಗೆ ಬಡಿದು ಬಿತ್ತು.

ಅತ್ತೆ ಕೂಗಾಡಲಿಲ್ಲ. "ಒದಿ," ಎಂದರು. "ನನ್ನ ಒದಿಯಾಕ ಬರಂಗಿಲ್ಲಲ್ಲ, ಅದನ್ನ ಒದಿ." ಬೆಕ್ಕನ್ನು ಎತ್ತಿಕೊಂಡು ಹೊಟ್ಟೆಯ ಮೇಲೆ ಕೈಯಾಡಿಸಿದರು. "ಮರಿ ಅಲುಗಾಡಾಕತ್ತಾವ. ಉಳದಾವ," ಎಂದರು.

ಹಿತ್ತಲಿನಿಂದ ಡಾಕ್ಟರರು ಕೂಗಿದರು. "ಅಕ್ಕಾರ, ಇದನ್ನ ಎಲ್ಲೆ ಹುಗೀಬೇಕ್ರಿ?"

"ಇಲ್ಲೇ, ಬೇವಿನ ಗಿಡದ ಕೆಳಗ," ಎಂದೆ ನಾನು.

"ಊರ ಹೊರಗ," ಎಂದರು ಅತ್ತೆ.

ಊರ ಹೊರಗೇ ಹೂತರು.