ಬತ್ತದ ಹೊಟ್ಟು ತೋರಿಸಿದ ತೂತು

ದೀಕ್ಷಾ, ನಂದೂ, ಇದು ನಿಮ್ಮಜ್ಜಿ ಬರೆಯುತ್ತಿರುವುದು. ಎದುರು ಕೂತು ಹೇಳಲು ನನಗೆ ನಾಚಿಕೆ, ಅದಕ್ಕೇ ಕಾಗದ ಹಿಡಿದಿದ್ದೇನೆ.

ನಂದೂ, ನೀನು ಹುಟ್ಟಿ ಇನ್ನೂ ತಿಂಗಳು ತುಂಬಿರಲಿಲ್ಲ. ನಿಮ್ಮಮ್ಮ ರಶ್ಮಿ ಪಾಂಡವಪುರದ ಹತ್ತಿರದ ನಮ್ಮೂರಿಗೆ ಬಾಣಂತನಕ್ಕೆ ಬಂದಿದ್ದಳು. ದೀಕ್ಷಾ, ನೀನು ಅಪ್ಪನ ಜೊತೆ ಮೈಸೂರಿನಲ್ಲಿದ್ದೆ. ಆ ಮಧ್ಯಾಹ್ನ ರಶ್ಮಿ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಲ್ಯಾಪ್‌ಟಾಪು ಹಿಡಿದು ಕೂತಿದ್ದಳು.

"ಬಾಣಂತಿ ಕಣ್ಣಿಗೆ ಆಯಾಸ ಕೊಡಬ್ಯಾಡ ಕಣವ್ವ, ಮುಚ್ಚು ಅದ" ಎಂದೆ.

"ಸುಮ್ಕಿರವ್ವ. ಸಂಜೆ ಐದರೊಳಗೆ ಇದು ಸರಿಯಾಗ್ನಿಲ್ಲ ಅಂದ್ರೆ ನಮ್ಮಾಫೀಸಿನ ಮೇಡಂ ಈ ಕೆಲ್ಸನ ಬ್ಯಾರೇರಿಗೆ ಕೊಟ್ಬುಡ್ತಾರೆ. ಮೂರು ವರ್ಸ ಮಾಡಿವ್ನಿ" ಎನ್ನುವಾಗ ಅವಳ ಕಣ್ಣಲ್ಲಿ ನೀರು.

ಕ್ಯಾನ್ಸರ್ ರೋಗಿಗಳಿಗೆ ಕಿರಣ ಕೊಡುವ ಕೋಣೆಯ ಗೋಡೆ ಎಷ್ಟು ದಪ್ಪ ಇದ್ದರೆ ಹೊರಗೆ ಕೂತವರಿಗೆ ಅಪಾಯವಿಲ್ಲ ಎಂದು ಅವಳು ಕಂಪ್ಯೂಟರಿನಲ್ಲೇ ಕೋಣೆ ಕಟ್ಟಿ ನೋಡುತ್ತಿದ್ದಳು. ಒಳಗಿನಿಂದ ಲಕ್ಷಗಟ್ಟಲೆ ಕಿರಣದ ಕಣ ಬಿಡುವುದು. ಒಂದೊಂದೂ ಎಲ್ಲಿ ಹೋಯಿತು, ಎಲ್ಲಿ ನಿಂತಿತು ಎಂದು ಕಂಪ್ಯೂಟರು ಬೆನ್ನು ಹತ್ತಿ ನೋಡುವುದು. ಆದರೆ ಕೆಲವು ಕಣ ನಡುದಾರಿಯಲ್ಲೇ ಕಳೆದುಹೋಗುತ್ತಿದ್ದವು. ಹತ್ತು ಕಳೆದರೆ ಸಾಕು, ಲೆಕ್ಕವೇ ನಿಂತುಬಿಡುತ್ತಿತ್ತು.

"ಕಳೆದೋಯ್ತವೆ ಅಂದ್ರೆ?"

"ಎಲ್ಲೋ ಒಂದು ಸಂದು ಬುಟ್ಟಿವ್ನಿ ಕಣವ್ವ. ಆ ಸಂದು ಗೋಡೆನೂ ಅಲ್ಲ, ಗಾಳಿನೂ ಅಲ್ಲ. ಅಲ್ಲಿಗೋದ ಕಣ ಎಲ್ಲದೆ ಅಂತ ಕಂಪ್ಯೂಟ್ರಿಗೆ ಗೊತ್ತಾಗಕಿಲ್ಲ. ನೂರಾರು ಮೂಲೆ ಅವೆ, ಎಲ್ಲಿ ಅಂತ ಹುಡುಕ್ಲಿ?"

ಇದು ನನಗೆ ಗೊತ್ತಿದ್ದ ಕೆಲಸ! ನಾಲೆ ನೀರು ಕಟ್ಟಿದ ಗದ್ದೆ ಒಂದೇ ದಿನದಲ್ಲಿ ಬತ್ತಿದರೆ ಬದುವಿನಲ್ಲಿ ಏಡಿ ತೂತು ಮಾಡಿದೆ ಎಂದೇ ಅರ್ಥ. ನಿಮ್ಮ ತಾತ ತೀರಿಕೊಂಡ ಮೇಲೆ ಅದನ್ನು ಹುಡುಕುವವಳು ನಾನೇ. ಆದರೂ ಏಳನೇ ಕ್ಲಾಸು ಓದಿದ ನಾನು ಇವಳಿಗೆ ಹೇಳಿಕೊಡುವುದೇ? ಅಡಿಗೆಮನೆಗೆ ಎದ್ದು ಹೋದೆ. ಎರಡು ಸಲ ಅವಳ ಕೋಣೆಯ ಬಾಗಿಲವರೆಗೆ ಹೋಗಿ, ಒಲೆ ಮೇಲಿನ ಮೆಣಸಿನ ಸಾರಿನ ನೆಪ ಮಾಡಿ ತಿರುಗಿ ಬಂದೆ. ಮೂರನೇ ಸಲ ಹೇಳಿಯೇಬಿಟ್ಟೆ.

"ಬತ್ತದ ಹೊಟ್ಟು ಚೆಲ್ಲವ್ವ."

"ಏನಂದೆ?"

"ನಿಂತ ನೀರಿಗೆ ಹೊಟ್ಟು ಚೆಲ್ಲಿ ಬದು ಮ್ಯಾಲೆ ಕುಂತ್ಕೊಂಡು ನೋಡ್ತಿದ್ದೆ. ಎಲ್ಲಾ ನಿಧಾನಕ್ಕೆ ಒಂದೇ ಕಡೆ ಓಗಿ ಸೇರ್ಕತದೆ. ಅಲ್ಲೇ ತೂತು. ಒಂದು ಚಿಟಿಕೆ ಸಾಲಕಿಲ್ಲ, ಮೊರದ ತುಂಬ ಬೇಕು. ಪೈರಿದ್ರೆ ಸಿಕ್ಕಾಕತದೆ, ನಾಟಿಗೆ ಮುಂಚೆ ನೋಡ್ಬೇಕು."

ರಶ್ಮಿ ನನ್ನನ್ನೇ ದಿಟ್ಟಿಸಿದಳು. "ಅವ್ವಾ! ಪೈರು ಕಿತ್ತಾಕ್ಬುಡ್ತೀನಿ!" ಎಂದು ಕಿರುಚಿದಳು. ನಂದೂ, ನೀನು ಬೆಚ್ಚಿ ಅತ್ತೆ.

ಪೈರಿನ ಹಾಗೆ ಕಣಗಳನ್ನು ತಡೆಯುತ್ತಿದ್ದ ಕೋಣೆಯ ಕಾಂಕ್ರೀಟು, ಸೀಸ ಎಲ್ಲ ತೆಗೆದುಹಾಕಿ ಬರೀ ಆಕಾರ ಉಳಿಸಿದಳು. ಹತ್ತು ಕಳೆದರೂ ನಿಲ್ಲಬೇಡ ಎಂದು ಕಂಪ್ಯೂಟರಿಗೆ ಬರೆದು, ಸುತ್ತಲಿಂದಲೂ ಕಣ ಸುರಿದಳು. ಕಳೆದ ಒಂದೊಂದು ಕಣಕ್ಕೂ ಒಂದೊಂದು ಕೆಂಪು ಚುಕ್ಕಿ. ನಿನ್ನನ್ನು ಹೆಗಲಿಗೆ ಹಾಕಿಕೊಂಡು ನಾನೂ ಬಗ್ಗಿ ನೋಡಿದೆ. ಒಂದು ಚುಕ್ಕಿ, ಮೂರು, ನಾಲ್ಕು, ಆಮೇಲೆ ಇರುವೆ ಮುತ್ತಿದ ಹಾಗೆ. ಎಲ್ಲವೂ ಬಾಗಿಲ ಮೇಲಿನ ಒಂದೇ ಮೂಲೆಯಲ್ಲಿ!

"ಏಡಿ ತೂತು!" ಎಂದು ಕೂಗಿದವಳು ನಾನೇ.

ಅಲ್ಲಿ ಗೋಡೆ ಚಾವಣಿಗೆ ಮುಟ್ಟದೆ ಒಂದು ಬೆರಳಷ್ಟು ಗಿಡ್ಡವಾಗಿತ್ತು. ರಶ್ಮಿ ಒಂದೇ ಒಂದು ಅಂಕಿ ತಿದ್ದಿ, ಕಾಂಕ್ರೀಟು ತುಂಬಿ ಮತ್ತೆ ಓಡಿಸಿದಳು. ಒಂದು ಕಣವೂ ಕಳೆಯಲಿಲ್ಲ. ಐದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು.

ಮೇಡಂಗೆ ಫೋನು ಮಾಡಿ ಎಲ್ಲ ಹೇಳಿದಳು. "ನಿಮ್ಮ ತಾಯಿಗೆ ಕೊಡಿ, ಮಾತಾಡಬೇಕು" ಎಂದರಂತೆ. ಅಷ್ಟರಲ್ಲಿ ನಾನು ಹಿತ್ತಲಿನಲ್ಲಿದ್ದೆ.

"ಈಗ ತಾನೇ ಊರಿಗೆಲ್ಲ ಕೇಳಂಗೆ ಕೂಗ್ದಲ್ಲ, ಬಾರವ್ವ!" ಎಂದು ರಶ್ಮಿ ನಕ್ಕಳು. ಫೋನು ಹಿಡಿದು ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಕಾಪಿ ಆಯ್ತಾ ಮೇಡಂ?"

ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ, ನಗುವೂ ಬರುತ್ತದೆ. ಮೂರನೇ ಸಲ ಆ ಬಾಗಿಲಿಗೆ ಹೋಗದಿದ್ದರೆ ಏನಾಗುತ್ತಿತ್ತೋ ಎಂದುಕೊಳ್ಳುತ್ತೇನೆ. ನಿಮಗೂ ಗೊತ್ತಿದ್ದದ್ದನ್ನು ಹೇಳಲು ಬಾಯಿ ಬಾರದಿದ್ದರೆ, ಇನ್ನೊಂದು ಸಲ ಬಾಗಿಲವರೆಗೆ ಹೋಗಿ ನೋಡಿ.

ಆ ಕೆಂಪು ಚುಕ್ಕಿಗಳ ಚಿತ್ರವನ್ನು ರಶ್ಮಿ ಪ್ರಿಂಟು ಹಾಕಿಸಿ ಕೊಟ್ಟಿದ್ದಾಳೆ. ಈ ಹಾಳೆಗಳ ನಡುವೆ ಇಟ್ಟಿದ್ದೇನೆ. ಕಾಗದ, ಚಿತ್ರ ಎರಡನ್ನೂ ಬೇರೆ ಮಾಡದೆ, ನೀರು ತಾಗದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ.