ಡಾಂಬರು ಗುಳಿಗೆಯೂ ಅತ್ತೆಯ ಜಪದ ಸರವೂ

ತುಪ್ಪ ಕಾಸುವ ಕೆಲಸವನ್ನು ಅತ್ತೆ ನನಗೆ ಕೊಡುತ್ತಲೇ ಇರಲಿಲ್ಲ. ಮದುವೆಯಾಗಿ ರಂಗಂಪೇಟೆಗೆ ಬಂದ ಮೊದಲ ತಿಂಗಳೇ ಉರಿ ಜೋರು ಮಾಡಿ ಒಂದು ಗಡಿಗೆ ಬೆಣ್ಣೆ ಸೀದು ಹೋಗುವಂತೆ ಮಾಡಿದ್ದೆ. ಏನು ಮಾಡಲಿ, ಕಾಯುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಸುರಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. “ಬೆರೆತ ಬಣ್ಣಾನ ಬರೇ ಕರಗಿಸಿ ಗಟ್ಟಿ ಮಾಡಿ ಬ್ಯಾರೆ ಮಾಡ್ತೀನಿ, ಸೋಮವಾರ ನೋಡ್ರಿ!” ಎಂದು ತರಗತಿಯಲ್ಲಿ ಜಂಬ ಕೊಚ್ಚಿಬಿಟ್ಟಿದ್ದೆ. ಸೀರೆಗಳ ನಡುವೆ ಇಡುವ ಡಾಂಬರು ಗುಳಿಗೆಯನ್ನು ಕರಗಿಸಿ, ಚಿಟಿಕೆ ಕೆಂಪು ಬಣ್ಣ ಬೆರೆಸಿ, ಬೆರಳುದ್ದದ ಗಾಜಿನ ನಳಿಕೆಗೆ ಹೊಯ್ದು ಗಟ್ಟಿ ಮಾಡಬೇಕು. ಆಮೇಲೆ ಆ ನಳಿಕೆಯನ್ನು ಬಿಸಿ ತಂತಿಯ ಉಂಗುರದೊಳಗೆ ಇಳಿಸಬೇಕು. ಉಂಗುರ ಇದ್ದಲ್ಲಿ ಮಾತ್ರ ಕರಗುತ್ತದೆ, ದಾಟಿದ್ದು ಮತ್ತೆ ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಬಣ್ಣವನ್ನು ಹೊರದೂಡುತ್ತದೆ. ಹೀಗೆ ಬಣ್ಣ ತುದಿಯವರೆಗೆ ಸಾಗುತ್ತದೆ.

ನಳಿಕೆಯನ್ನು ಒಂದು ತಿರುಪಿಗೆ ಕಟ್ಟಿದ್ದೆ; ಅದನ್ನು ತಿರುಗಿಸಿದಂತೆ ನಳಿಕೆ ಇಳಿಯುತ್ತಿತ್ತು. ಶನಿವಾರ ಮೂರು ಸಲ ಸರಸರ ತಿರುಗಿಸಿದೆ. ಮೂರು ಸಲವೂ ಉದ್ದಕ್ಕೂ ಕೆಂಪೇ. ಹುಡುಗರ ಮುಂದೆ ಮರ್ಯಾದೆ ಹೋಗುತ್ತದಲ್ಲ ಎಂದು ಅಳುವೇ ಬಂತು.

ಭಾನುವಾರ ಬೆಳಗ್ಗೆ ಹಿತ್ತಲಲ್ಲಿ ಕುಳಿತು ಆ ನಳಿಕೆಯನ್ನು ಬೈಯುತ್ತಿದ್ದಾಗ ಅತ್ತೆ ಪೂಜೆ ಮುಗಿಸಿ ಜಪದ ಸರ ಹಿಡಿದು ಬಂದರು.

“ಏನವಾ, ಅದಕ್ಯಾಕ ಬಯ್ಯಾಕತ್ತಿ?”

“ತಾಸಿಗೆ ಒಂದು ಬೆರಳಗಲ ಇಳಿಸ್ಬೇಕ್ರಿ ಅತ್ತಿ. ನನ್ನ ಕೈಲೆ ಆಗಂಗಿಲ್ರಿ.”

“ನಿನ್ನ ಕೈಲೆ ಎಲ್ಲಿ ಆಗ್ತದ! ಸರಿ ಅತ್ತಾಗ. ಸರ ಒಂದು ಸುತ್ತು ಮುಗದ್ರ ತಿರುಪು ಒಂದು ಸುತ್ತು. ಸಾಕೇನು?”

ಲೆಕ್ಕ ಹಾಕಿ ನೋಡಿದೆ, ಸರಿಯಾಗಿಯೇ ಇತ್ತು! ಅವರು ಶಿವಾಯ ನಮಃ ಎನ್ನುತ್ತ ಕುಳಿತರು. ಬೆಳಗ್ಗೆ ಒಮ್ಮೆ, ಊಟವಾದ ಮೇಲೆ ಮತ್ತೊಮ್ಮೆ ನಳಿಕೆ ಉಂಗುರ ದಾಟಿತು. ನಡುವೆ ನಾನು ತಿರುಪಿಗೆ ಕೈ ಹಾಕಿದ್ದಕ್ಕೆ ಮುಂಗೈ ಮೇಲೆ ಪಟ್ಟೆಂದು ಒಂದು ಏಟು ಬಿತ್ತು. ಸಂಜೆಗೆ ನಳಿಕೆಯೆಲ್ಲ ಬೆಳ್ಳಗಾಗಿ, ತುದಿಯಲ್ಲಿ ಮಾತ್ರ ಕುಂಕುಮದ ಬೊಟ್ಟಿನಷ್ಟು ಕೆಂಪು ಉಳಿದಿತ್ತು.

ಸೋಮವಾರ ತರಗತಿ ಬಾಯಿ ಬಿಟ್ಟುಕೊಂಡು ನೋಡಿತು. “ಹೆಂಗ ಮಾಡಿದ್ರಿ ಮೇಡಂ?” ಎಂದರು ಹುಡುಗರು.

“ನಮ್ಮ ಅತ್ತಿ ಮಾಡ್ಯಾರ. ನಾ ಬರೇ ಬೈದೇನಿ.”

ತರಗತಿ ತಟ್ಟಿದ ಚಪ್ಪಾಳೆಯನ್ನು ಮನೆಗೆ ಬಂದು ಅತ್ತೆಗೆ ಒಪ್ಪಿಸಿದೆ. ಅವರು ಮುಖ ಆಚೆ ತಿರುಗಿಸಿ ನಕ್ಕರು. ಆಮೇಲೆ ಬೆಣ್ಣೆಯ ಗಡಿಗೆ ತಂದು ನನ್ನ ಮುಂದಿಟ್ಟರು.

“ಇವತ್ತ ನೀ ಕಾಸು. ನಾ ಹಣಿಕಿ ಸುದ್ದಾ ಹಾಕಂಗಿಲ್ಲ.”

ನಾಲ್ಕು ಸಲ ಇಣುಕಿ ನೋಡಿದರು. ನಾಲ್ಕೂ ಸಲ ನಾನು ಸಣ್ಣ ಉರಿಯ ಮುಂದೆ ಅವರ ಸರ ಹಿಡಿದು ಕುಳಿತೇ ಇದ್ದೆ.